ನೀಲಿ ರೇಖೆಯ ಆಚೆಗೂ ನೀರು ಬಂದಿತ್ತು: ಮಹಾರಾಷ್ಟ್ರದ ನಗರಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ನಗರಾಭಿವೃದ್ಧಿ ಸಚಿವರು,
ಮಹಾರಾಷ್ಟ್ರ ಸರ್ಕಾರ,
ಮಂತ್ರಾಲಯ, ಮುಂಬಯಿ.

ವಿಷಯ: ಪುಣೆಯ ಮುಠಾ ನದಿಯ ನೀಲಿ, ಕೆಂಪು ಪ್ರವಾಹ ರೇಖೆಗಳು ಹಾಗೂ ಅವುಗಳ ಒಳಗೆ ಕಟ್ಟಡ ಕಟ್ಟುವ ನಿಯಮಗಳ ತಿದ್ದುಪಡಿ ಕುರಿತು.

ಮಾನ್ಯರೇ,

ನಾನು ಪುಣೆಯ ಸಿಂಹಗಡ ರಸ್ತೆಯಲ್ಲಿ, ಮುಠಾ ನದಿಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ವಾಸವಾಗಿರುವ ನಿವೃತ್ತ ಬ್ಯಾಂಕ್ ನೌಕರ. ಹುಟ್ಟೂರು ಬಾಗಲಕೋಟೆ. ಸೇವೆಯ ಬಹುಭಾಗವನ್ನು ಗೃಹಸಾಲದ ಕಡತಗಳ ನಡುವೆ ಕಳೆದಿದ್ದೇನೆ. ಈಗ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ. ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೌಕರಿ ಹಿಡಿದ ನಮ್ಮ ಜನ ಊರಿನಲ್ಲಿ ಹೊಲ ಮಾರಿ, ಇಲ್ಲಿ ಸಾಲ ತೆಗೆದು ನದಿ ದಂಡೆಯ ಫ್ಲಾಟ್ ಕೊಳ್ಳುತ್ತಿದ್ದಾರೆ. ಆ ಫ್ಲಾಟುಗಳ ಗೋಡೆ ಏರಿಸುವವರಲ್ಲಿಯೂ ಬಹಳ ಮಂದಿ ಯಾದಗಿರಿ, ಜೇವರ್ಗಿ ಕಡೆಯವರೇ. ತಮ್ಮ ಇಲಾಖೆಯ ನಿಯಮಾವಳಿ ಇಬ್ಬರ ಬದುಕಿಗೂ ತಟ್ಟುತ್ತದೆ. ಅದರಲ್ಲಿ ಏನಿದೆ ಎಂದು ಇಬ್ಬರಿಗೂ ಯಾರೂ ಹೇಳಿಲ್ಲ.

ಮೊದಲು ಕಂಡದ್ದನ್ನು ಹೇಳುತ್ತೇನೆ. 2024ರ ಜುಲೈ 25ರ ನಸುಕಿನಲ್ಲಿ ನಮ್ಮ ಓಣಿಗೆ ನೀರು ಬಂದಾಗ ಅದು ನದಿಯ ಕಡೆಯಿಂದ ಬರಲಿಲ್ಲ. ಪಾರ್ಕಿಂಗಿನ ಮೂಲೆಯಲ್ಲಿದ್ದ ಚೇಂಬರಿನ ಮುಚ್ಚಳ ಮೊದಲು ಅಲುಗಾಡಿತು, ಆಮೇಲೆ ಒಂದು ಬದಿಗೆ ಎದ್ದಿತು, ಅದರಡಿಯಿಂದ ಕಪ್ಪು ನೀರು ಉಕ್ಕತೊಡಗಿತು. ಮಳೆನೀರನ್ನು ನದಿಗೆ ಒಯ್ಯಬೇಕಾದ ಕೊಳವೆಗಳೇ ನದಿಯ ನೀರನ್ನು ಹಿಂದಕ್ಕೆ ತಂದು ನಮ್ಮ ಅಂಗಳಕ್ಕೆ ಸುರಿದವು. ನದಿಯ ದಿಕ್ಕಿನ ಆವರಣ ಗೋಡೆ ದಾಟಿ ಹರಿವು ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ. ಅಷ್ಟರಲ್ಲಿ ದ್ವಿಚಕ್ರ ವಾಹನಗಳೆಲ್ಲ ಮುಳುಗಿದ್ದವು. ಕಾರುಗಳು ಒಂದಕ್ಕೊಂದು ತಾಗಿ ಅವುಗಳ ಅಲಾರಂ ಕೂಗುತ್ತಿತ್ತು. ನೀರು ಬಾನೆಟ್ ಮುಟ್ಟಿದ ಮೇಲೆ ಆ ಕೂಗೂ ನಿಂತಿತು. ನೆಲಮಟ್ಟದ ಮೀಟರ್ ಕೋಣೆಗೆ ನೀರು ನುಗ್ಗುವ ಮೊದಲೇ ವಿದ್ಯುತ್ ಕಡಿದದ್ದರಿಂದ ನಮ್ಮ ಕಟ್ಟಡದಲ್ಲಿ ಜೀವಹಾನಿಯಾಗಲಿಲ್ಲ. ಅದೇ ದಿನ ಡೆಕ್ಕನ್ ಕಡೆಯ ಪುಲಾಚಿ ವಾಡಿಯಲ್ಲಿ ಮೂವರು ಯುವಕರು ವಿದ್ಯುತ್ ತಗುಲಿ ತೀರಿಕೊಂಡರು.

ನಮ್ಮ ಓಣಿಯ ಬಾಯಿಯಲ್ಲಿ ವಿಜಯಪುರ ಕಡೆಯ ದಂಪತಿ ನಡೆಸುವ ಜೋಳದ ರೊಟ್ಟಿಯ ಖಾನಾವಳಿಯೊಂದಿದೆ. ನೆಲಮಟ್ಟದ ಮಳಿಗೆ, ಹಿಂದಿನ ಕೋಣೆಯಲ್ಲಿ ದಾಸ್ತಾನು. ನೀರು ಇಳಿದು ಬಾಗಿಲು ತೆಗೆದಾಗ ಹಿಟ್ಟಿನ ಚೀಲಗಳು ಗಟ್ಟಿ ಮುದ್ದೆಯಾಗಿದ್ದವು. ಬಿಳಿಜೋಳದ ಚೀಲಗಳನ್ನು ಕೆಸರಿನಿಂದ ಎಳೆದು ಹೊರಗಿಟ್ಟರು. ಕೆಲವು ದಿನಗಳಲ್ಲಿ ಚೀಲದ ಹೊಲಿಗೆಯ ಸಂದಿನಿಂದ ಮೊಳಕೆ ಇಣುಕಿತು. ಪಂಚನಾಮೆಗೆ ಬಂದವರು ಅದನ್ನೂ ಬರೆದುಕೊಂಡರು. ಬಾಡಿಗೆ ಕರಾರಿನ ಹೊರತು ಅವರ ಹೆಸರಿನಲ್ಲಿ ಮತ್ತಾವ ಕಾಗದವೂ ಇರಲಿಲ್ಲ. ಅದರ ಆಚೆಯ ನಿವೇಶನದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿದ್ದವು. ತಗಡು ತೇಲಿ ಹೋಯಿತು. ಅವರು ಮಕ್ಕಳನ್ನೂ ಪಾತ್ರೆಗಳನ್ನೂ ಹೊತ್ತುಕೊಂಡು, ತಾವೇ ಕಟ್ಟುತ್ತಿದ್ದ ಕಟ್ಟಡದ ಎರಡನೆಯ ಸ್ಲ್ಯಾಬಿಗೆ ಹತ್ತಿ ಕುಳಿತಿದ್ದರು.

ಏಕತಾ ನಗರಿ, ನಿಂಬಜ ನಗರ, ವಿಠ್ಠಲವಾಡಿಗಳ ಕಥೆ ಪತ್ರಿಕೆಗಳಲ್ಲಿ ಬಂದಿದೆ. ಸೇನೆಯ ತುಕಡಿಗಳು, ದೋಣಿಗಳು ಬಂದವು. ಅದನ್ನು ಮತ್ತೆ ಹೇಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಆ ನಸುಕಿನಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ಮುಠಾಗೆ ಬಿಟ್ಟದ್ದು ಸುಮಾರು 35,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಮುಠಾ ನದಿಯ ನೀಲಿ ರೇಖೆಯನ್ನು ಎಳೆದಿರುವುದು 60,000 ಕ್ಯೂಸೆಕ್ ಹರಿವಿಗೆ. ಕೆಂಪು ರೇಖೆಯನ್ನು 1 ಲಕ್ಷ ಕ್ಯೂಸೆಕ್ ಹರಿವಿಗೆ. ನೀಲಿ ಎಂದರೆ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆ ಮುಟ್ಟುವ ಗಡಿ, ಕೆಂಪು ಎಂದರೆ 100 ವರ್ಷಕ್ಕೊಮ್ಮೆ ಬರಬಹುದಾದದ್ದರ ಗಡಿ. ತಮ್ಮದೇ ರಾಜ್ಯದ ನೀರಾವರಿ ಇಲಾಖೆ 1989ರಲ್ಲಿ ಹಾಕಿಕೊಟ್ಟ ವ್ಯಾಖ್ಯೆ ಇದು. ನಮ್ಮ ಸೊಸೈಟಿ ಇರುವುದು ನಕ್ಷೆಯಲ್ಲಿ ನೀಲಿ ರೇಖೆಯ ಆಚೆ, ನದಿಗೆ ದೂರದ ಬದಿಯಲ್ಲಿ. ನಕ್ಷೆಯ ಪ್ರಕಾರ 60,000 ಕ್ಯೂಸೆಕ್ ದಾಟುವವರೆಗೆ ನಮ್ಮ ಅಂಗಳ ಒಣಗಿರಬೇಕಿತ್ತು. ಅಣೆಕಟ್ಟಿನಿಂದ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ಬಿಟ್ಟಾಗಲೇ ಮೀಟರ್ ಕೋಣೆ ಮುಳುಗಿತು.

ಇದರ ಕಾರಣಗಳು ಗುಟ್ಟೇನಲ್ಲ. ಕ್ಯೂಸೆಕ್ ಲೆಕ್ಕ ಅಣೆಕಟ್ಟಿನ ಗೇಟಿನ ಬಳಿಯದು. ಗೇಟಿನಿಂದ ಕೆಳಗೆ, ನಗರದವರೆಗೆ, ಎರಡೂ ದಂಡೆಗಳ ಗುಡ್ಡ ಮತ್ತು ಹಳ್ಳಗಳ ನೀರು ನದಿಗೆ ಸೇರುತ್ತದೆ. ಆ ನೀರನ್ನು ತಡೆಯುವ ಗೇಟು ಯಾವುದೂ ಇಲ್ಲ. ಧಾಯರಿ, ವಡಗಾಂವ್, ಆನಂದನಗರಗಳಲ್ಲಿ ಮಣ್ಣಿದ್ದಲ್ಲಿ ಈಗ ಕಾಂಕ್ರೀಟ್ ಇದೆ, ಹಾಗಾಗಿ ಆ ನೀರು ಮೊದಲಿಗಿಂತ ಬೇಗ ಬರುತ್ತದೆ. ಇತ್ತ ನದಿಪಾತ್ರ ಕಿರಿದಾಗಿದೆ. ಕಟ್ಟಡ ಕೆಡವಿದ ರಾಡಾರೋಡಾವನ್ನು ರಾತ್ರಿ ಟ್ರಕ್ಕುಗಳಲ್ಲಿ ತಂದು ದಂಡೆಗೆ ಸುರಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವ್ಯವಹಾರ. ವಿಠ್ಠಲವಾಡಿಯಿಂದ ಹೆದ್ದಾರಿಯವರೆಗೆ ನೀಲಿ ರೇಖೆಯೊಳಗೇ ಹಾಕಿದ ರಸ್ತೆಯ ವಿರುದ್ಧ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತೀರ್ಪು ಕೊಡಬೇಕಾಯಿತು. ಕೆಳಗೆ ಮೆಟ್ರೋ ಕಂಬಗಳಿವೆ, ನದಿ ದಂಡೆ ಅಭಿವೃದ್ಧಿ ಯೋಜನೆಯ ಭರಾವು, ಅಂದರೆ ತುಂಬಿದ ಮಣ್ಣು, ಇದೆ. ಒಂದೊಂದಕ್ಕೂ ಒಂದೊಂದು ಸಮರ್ಥನೆ ಇರಬಹುದು. ಅವೆಲ್ಲವನ್ನೂ ಸೇರಿಸಿದ ಮೇಲೆ ನದಿಯಲ್ಲಿ ಎಷ್ಟು ಜಾಗ ಉಳಿಯಿತು ಎಂದು ಅಳೆದು ರೇಖೆಯನ್ನು ಮತ್ತೆ ಎಳೆದವರು ಯಾರು?

ಖಡಕವಾಸಲಾದ ವಿಷಯವನ್ನೂ ಹೇಳಬೇಕು, ಏಕೆಂದರೆ ಪ್ರತಿ ಮಳೆಗಾಲದಲ್ಲೂ ಜನ ಬೈಯುವುದು ಗೇಟು ತೆರೆದವರನ್ನೇ. ಮೇಲಿನ ಪಾನಶೇತ, ವರಸಗಾಂವ್, ಟೇಮಘರಗಳನ್ನೂ ಸೇರಿಸಿ ನಾಲ್ಕು ಅಣೆಕಟ್ಟುಗಳ ಒಟ್ಟು ಸಾಮರ್ಥ್ಯ 29 ಟಿಎಂಸಿಗೆ ಸ್ವಲ್ಪ ಹೆಚ್ಚು. ಅದರಲ್ಲಿ ನಗರಕ್ಕೆ ಹತ್ತಿರದ ಖಡಕವಾಸಲಾದ ಪಾಲು 2 ಟಿಎಂಸಿಗೂ ಕಡಿಮೆ. ಅದು ತುಂಬಿದ್ದಾಗ ಘಟ್ಟದಲ್ಲಿ ಒಂದು ರಾತ್ರಿ ಜೋರು ಮಳೆಯಾದರೆ ಎಂಜಿನಿಯರರ ಕೈಯಲ್ಲಿ ಉಳಿಯುವ ಆಯ್ಕೆ ಬಹಳ ಕಡಿಮೆ. ಮುನ್ಸೂಚನೆ ಸರಿಯಾಗಿ ಕೊಡಲಿಲ್ಲ ಎಂಬ ದೂರು ನ್ಯಾಯವಾದದ್ದು, ನನ್ನದೂ ಅದೇ ದೂರು. ಆದರೆ ಗೇಟು ತೆರೆಯುವುದು ತಪ್ಪದು. ಹಾಗಿರುವಾಗ ಗೇಟಿನ ಕೆಳಗೆ ಯಾರನ್ನು, ಎಷ್ಟು ಮಂದಿಯನ್ನು, ಯಾವ ಮಟ್ಟದಲ್ಲಿ ವಾಸಕ್ಕೆ ಬಿಡುತ್ತೀರಿ ಎಂಬ ಪ್ರಶ್ನೆ ನೀರಾವರಿ ಇಲಾಖೆಯದಲ್ಲ. ಅದು ತಮ್ಮ ಇಲಾಖೆಯದು. ಈ ಪತ್ರ ತಮಗೇ ಬರೆದದ್ದು ಅದಕ್ಕಾಗಿ.

2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಮ್ಮ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯನ್ನು ಕೂತು ಓದಿದ್ದೇನೆ. ಸಾಲದ ಕರಾರುಗಳನ್ನು ಓದಿ ಅಭ್ಯಾಸವಿರುವವನಿಗೆ ಅದು ಕಷ್ಟದ ಓದೇನಲ್ಲ. ನದಿ ದಂಡೆಯಿಂದ ನೀಲಿ ರೇಖೆಯವರೆಗೆ ನಿಷೇಧಿತ ವಲಯ. ಅಲ್ಲಿ ಉದ್ಯಾನ, ವಾಹನ ನಿಲುಗಡೆ, ತೆರೆದ ತರಕಾರಿ ಮಾರುಕಟ್ಟೆ, ಸ್ಮಶಾನ, ಕೊಳಚೆ ನೀರಿನ ಶುದ್ಧೀಕರಣ ಘಟಕದಂಥವಕ್ಕೆ ಮಾತ್ರ ಅವಕಾಶ. ನೀಲಿಯಿಂದ ಕೆಂಪಿನವರೆಗೆ ನಿರ್ಬಂಧಿತ ವಲಯ; ಅಲ್ಲಿ ಕಟ್ಟಬಹುದು, ಆದರೆ ತಳಪಾಯದ ಮಟ್ಟ (ಪ್ಲಿಂತ್, ಅಂದರೆ ಮನೆಯ ನೆಲ ಶುರುವಾಗುವ ಎತ್ತರ) ಕೆಂಪು ರೇಖೆಯ ಮಟ್ಟಕ್ಕಿಂತ ಕನಿಷ್ಠ 0.45 ಮೀಟರ್ ಮೇಲಿರಬೇಕು. ಇಲ್ಲಿಯವರೆಗೆ ಓದಿದರೆ ಯಾರಿಗೂ ತಕರಾರು ಬರದು. ತಕರಾರು ಇರುವುದು ಅದರ ನಂತರದ ವಾಕ್ಯಗಳಲ್ಲಿ, ಮತ್ತು ಬರೆಯದೆ ಬಿಟ್ಟ ವಾಕ್ಯಗಳಲ್ಲಿ.

ನಂತರದ ವಾಕ್ಯ ಇದು: ನಿವೇಶನದ ಒಂದು ಭಾಗ ಪ್ರವಾಹ ರೇಖೆಯೊಳಗೆ ಬಂದರೆ, ಆ ಭಾಗದ ಎಫ್‌ಎಸ್‌ಐಯನ್ನು (ಜಾಗದ ಅಳತೆಗೆ ತಕ್ಕಂತೆ ಇಷ್ಟು ಕಟ್ಟಬಹುದು ಎಂಬ ಹಕ್ಕನ್ನು) ಅದೇ ನಿವೇಶನದ ಉಳಿದ ಭಾಗದ ಮೇಲೆ ಬಳಸಿಕೊಳ್ಳಬಹುದು. ಉದಾಹರಣೆಗೆ 4,000 ಚದರ ಮೀಟರಿನ ನಿವೇಶನದಲ್ಲಿ 1,500 ನೀಲಿ ರೇಖೆಯೊಳಗಿದೆ ಎನ್ನಿ. ಕಟ್ಟುವುದು 2,500ರ ಮೇಲೆ, ಹಕ್ಕು ಲೆಕ್ಕ ಹಾಕುವುದು ಪೂರ್ತಿ 4,000ಕ್ಕೆ. ಮುಳುಗುವ ಪಾಲು ದೊಡ್ಡದಾದಷ್ಟೂ ಉಳಿದ ಪಾಲಿನ ಮೇಲೆ ಮಹಡಿಗಳು ಹೆಚ್ಚುತ್ತವೆ. ನದಿಗೆ ಅಂಟಿಕೊಂಡ ಜಾಗದಲ್ಲಿ ಹೆಚ್ಚು ಜನ, ನದಿಯಿಂದ ದೂರದ ಜಾಗದಲ್ಲಿ ಕಡಿಮೆ ಜನ: ನಿಯಮ ಬಯಸದೆಯೂ ಇಂಥ ಫಲವನ್ನೇ ಕೊಡುತ್ತಿದೆ. ಭೂಮಾಲೀಕರಿಗೆ ನಷ್ಟವಾಗಬಾರದು ಎಂಬ ಕಾಳಜಿ ನನಗೂ ಅರ್ಥವಾಗುತ್ತದೆ. ಆ ನಷ್ಟವನ್ನು ತುಂಬಿಕೊಡಲು ತಮ್ಮ ಬಳಿ ಟಿಡಿಆರ್ ಎಂಬ, ಒಂದು ಜಾಗದ ಕಟ್ಟುವ ಹಕ್ಕನ್ನು ಬೇರೆ ಜಾಗಕ್ಕೆ ವರ್ಗಾಯಿಸುವ ವ್ಯವಸ್ಥೆ ಈಗಾಗಲೇ ಇದೆ. ಮುಳುಗುವ ಜಾಗದ ಹಕ್ಕನ್ನು ನದಿಯಿಂದ ದೂರದ, ನೀರು ನಿಲ್ಲದ ಪ್ರದೇಶದಲ್ಲಿ ಮಾತ್ರ ಬಳಸುವ ಟಿಡಿಆರ್ ಆಗಿ ಕೊಡಿ. ಮಾಲೀಕರಿಗೆ ಹಣ ಸಿಗುತ್ತದೆ, ಜನ ಒಣ ನೆಲಕ್ಕೆ ಹೋಗುತ್ತಾರೆ.

ಇನ್ನು ಆ 0.45 ಮೀಟರ್. ಒಂದೂವರೆ ಅಡಿ ಎನ್ನೋಣ. ತಳಪಾಯ ಅಷ್ಟು ಎತ್ತರದಲ್ಲಿದ್ದರೆ ಮನೆಯೊಳಗೆ ನೀರು ಬರುವುದಿಲ್ಲ, ನಿಜ. ಆದರೆ ಅಪಾರ್ಟ್‌ಮೆಂಟಿನ ಜೀವ ಇರುವುದು ತಳಪಾಯದ ಕೆಳಗೆ. ಮೀಟರ್ ಕೋಣೆ, ಜನರೇಟರ್, ಲಿಫ್ಟಿನ ಗುಂಡಿ, ಪಂಪು, ನೆಲದಡಿಯ ಕುಡಿಯುವ ನೀರಿನ ಟ್ಯಾಂಕು. ನಮ್ಮಲ್ಲಿ ಆ ಟ್ಯಾಂಕಿಗೆ ಒಳಚರಂಡಿ ನೀರು ಸೇರಿತ್ತು. ಮೊದಲ ಮಹಡಿಯಿಂದ ಮೇಲಿನವರ ಮನೆಗೆ ಒಂದು ಹನಿ ನೀರೂ ನುಗ್ಗಿರಲಿಲ್ಲ, ಕುಡಿಯಲು ಒಂದು ಹನಿಯೂ ಇರಲಿಲ್ಲ. ಐದನೆಯ ಮಹಡಿಯಲ್ಲಿ ಆಮ್ಲಜನಕದ ಯಂತ್ರದ ಮೇಲಿದ್ದ ಒಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಕತ್ತಲೆಯ ಮೆಟ್ಟಿಲುಗಳಲ್ಲಿ ಹುಡುಗರು ಇಳಿಸಿದರು. ನಿಯಮದ ಕಣ್ಣಿನಲ್ಲಿ ಆ ಐದನೆಯ ಮಹಡಿ ಪೂರ್ಣ ಸುರಕ್ಷಿತ.

ನಿಯಮ ಹೇಳದೆ ಬಿಟ್ಟ ಇನ್ನೊಂದು ಮಾತು ಭರಾವಿನದು. ಕೆಂಪು ರೇಖೆಗಿಂತ ಮೇಲೆ ತಳಪಾಯ ಬೇಕಾದಾಗ ಬಿಲ್ಡರ್ ಏನು ಮಾಡುತ್ತಾನೆ? ಕಂಬಗಳ ಮೇಲೆ ಎತ್ತಿ ಕೆಳಗೆ ನೀರು ಹರಿಯಲು ಬಿಡಬಹುದು. ಅದಕ್ಕಿಂತ ಅಗ್ಗದ ದಾರಿ, ಇಡೀ ನಿವೇಶನಕ್ಕೆ ಮಣ್ಣು ಮುರುಮು ತುಂಬಿ ಎತ್ತರಿಸುವುದು. ನಮ್ಮ ಪಕ್ಕದಲ್ಲಿ ಹೀಗೆಯೇ ಆಯಿತು. ಹೊಸ ಕಟ್ಟಡದ ಅಂಗಳ ಈಗ ನಮ್ಮ ಅಂಗಳಕ್ಕಿಂತ ಆಳೆತ್ತರ ಮೇಲಿದೆ. ಮೊದಲು ಆ ಬಯಲಿನಲ್ಲಿ ಹರಡುತ್ತಿದ್ದ ನೀರು ಹೋಗುವುದು ಎಲ್ಲಿಗೆ? ಹಳೆಯ, ತಗ್ಗಿನ ಸೊಸೈಟಿಗಳ ಕಡೆಗೆ. ಒಬ್ಬರ ಅನುಮತಿ ಪತ್ರ ಪಕ್ಕದವರಿಗೆ ಮುಳುಗಡೆಯ ನೋಟಿಸಾಗುತ್ತದೆ, ಆದರೆ ಅಂಥ ನೋಟಿಸು ಯಾರಿಗೂ ಬರುವುದಿಲ್ಲ.

ಮುಳುಗಡೆ ಎಂದರೆ ಏನೆಂದು ಬಾಗಲಕೋಟೆಯವನಿಗೆ ಯಾರೂ ಕಲಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಹಳೆಯ ಊರಿನ ಓಣಿಗಳು ಹೋದವು, ನವನಗರ ಎದ್ದಿತು. ಆ ಪುನರ್ವಸತಿಯ ತಕರಾರುಗಳು ಇಂದಿಗೂ ಮುಗಿದಿಲ್ಲ, ಪರಿಹಾರದ ಕಡತಗಳಲ್ಲಿ ಜನರ ಆಯುಷ್ಯಗಳೇ ಕಳೆದಿವೆ. ಆದರೂ ಒಂದು ಮಾತಿದೆ. ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಸರ್ವೆಯವರು ಬಂದು ಮಟ್ಟ ಹಿಡಿದರು, ಅಳತೆ ಕಾಗದದ ಮೇಲೆ ಬಂತು. ಮೀಟರುಗಳ ಅಂಕಿ ಸಂತೆಯಲ್ಲಿ ಸೊಪ್ಪು ಮಾರುವವರ ಬಾಯಲ್ಲೂ ಇತ್ತು, ಅಣೆಕಟ್ಟಿನ ಈಗಿನ ನೀರಿನ ಮಟ್ಟ 519.60 ಎಂದರೆ ಏನು, ಏರಿಸಬೇಕೆಂದಿರುವ 524.256 ಎಂದರೆ ಏನು ಎಂದು ಇವತ್ತಿಗೂ ಅಲ್ಲಿನ ಯಾವ ಚಹಾದ ಅಂಗಡಿಯಲ್ಲಿ ಬೇಕಾದರೂ ಕೇಳಿ ನೋಡಬಹುದು. ಪುಣೆಯಲ್ಲಿ, ಇಷ್ಟೊಂದು ಓದಿದವರ ನಗರದಲ್ಲಿ, ತನ್ನ ಮನೆ ನೀಲಿ ರೇಖೆಯ ಯಾವ ಬದಿಗಿದೆ ಎಂದು ನೇರವಾಗಿ ಉತ್ತರಿಸಬಲ್ಲ ಫ್ಲಾಟ್ ಮಾಲೀಕರು ನನಗೆ ಸಿಕ್ಕಿಲ್ಲ. ನಕ್ಷೆ ಕೇಳಲು ಹೋದರೆ ಒಂದು ಕಚೇರಿ ಇನ್ನೊಂದನ್ನು ತೋರಿಸುತ್ತದೆ, ಆ ಕಚೇರಿ ವಾಪಸು ಮೊದಲನೆಯದನ್ನು.

ಇಲ್ಲೊಂದು ಮಾತು, ಸಿಟ್ಟಿಗೇಳಬಾರದು. ಆಲಮಟ್ಟಿಯ ಎತ್ತರ ಏರಿಸಬಾರದೆಂದು ಸಾಂಗ್ಲಿ, ಕೊಲ್ಲಾಪುರಗಳ ನೆರೆಯನ್ನು ಮುಂದಿಟ್ಟು ತಮ್ಮ ಸರ್ಕಾರ ಮಟ್ಟ ಮಟ್ಟಕ್ಕೂ ವಾದಿಸುತ್ತದೆ. ವಾದಿಸುವುದು ತಮ್ಮ ಹಕ್ಕು. ಆ ವಿವಾದದಲ್ಲಿ ತೀರ್ಪು ಹೇಳುವವನು ನಾನಲ್ಲ. ನದಿಯ ಮಟ್ಟದ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬಲ್ಲ ಸರ್ಕಾರ ತನ್ನದೇ ನಗರದ ದಂಡೆಯಲ್ಲಿ ಭರಾವು ತುಂಬುವವರ ಲೆಕ್ಕವನ್ನು ಯಾಕೆ ಕೇಳುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಮುಠಾದ ನೀರು ಮುಳಾ ಸೇರಿ, ಭೀಮೆ ಸೇರಿ, ಉಜನಿ ದಾಟಿ ಕೊನೆಗೆ ಬರುವುದು ನಮ್ಮ ಇಂಡಿ, ಅಫಜಲಪುರಗಳ ಕಡೆಗೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಹೊಳೆಸಾಲಿನ ಹಳ್ಳಿಗಳು ಮುಳುಗಿದ್ದವು. ಮೇಲಿನವರು ನದಿಗೆ ಹರಡಲು ಜಾಗ ಬಿಡದಿದ್ದರೆ ನೀರು ಕೆಳಗಿನವರ ಕಡೆಗೆ ಬೇಗ ಹೊರಡುತ್ತದೆ.

ಬ್ಯಾಂಕಿನವನಾಗಿ ಒಂದು ಲೆಕ್ಕ ಕೊಡುತ್ತೇನೆ. 25 ವರ್ಷಕ್ಕೊಮ್ಮೆಯ ನೆರೆ ಎಂದರೆ ಜನ ಒಮ್ಮೆ ಬಂದರೆ ಇನ್ನು 25 ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಹಾಗಲ್ಲ, ಪ್ರತಿ ವರ್ಷವೂ ನೂರಕ್ಕೆ 4ರಷ್ಟು ಸಾಧ್ಯತೆ ಎಂದು ಅದರ ಅರ್ಥ. 20 ವರ್ಷಗಳ ಗೃಹಸಾಲದ ಅವಧಿಗೆ ಇದನ್ನು ಹರಡಿ ನೋಡಿ: ಸಾಲ ತೀರುವುದರೊಳಗೆ ಒಮ್ಮೆಯಾದರೂ ಆ ಮಟ್ಟದ ನೀರು ಬರುವ ಸಾಧ್ಯತೆ ನೂರಕ್ಕೆ 56. ಕೆಂಪು ರೇಖೆಯ ಅಂಚಿನಲ್ಲಿ ಅದೇ ಲೆಕ್ಕ ನೂರಕ್ಕೆ 18. ತಾವು ಕಟ್ಟಲು ಅನುಮತಿ ಕೊಡುವ ನಿರ್ಬಂಧಿತ ವಲಯದ ಪ್ರತಿಯೊಂದು ನಿವೇಶನವೂ ಈ 18 ಮತ್ತು 56ರ ನಡುವೆ ಎಲ್ಲೋ ಒಂದು ಕಡೆ ನಿಂತಿದೆ. ಅದೂ ರೇಖೆ ಸರಿಯಾಗಿದೆ ಎಂದು ಒಪ್ಪಿಕೊಂಡರೆ. ಸಾಲಗಾರ ಕಂತು ಕಟ್ಟದೆ ಹೋಗುವ ಸಾಧ್ಯತೆ ಇಷ್ಟಿದ್ದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ನಾವು ಕಡತದಲ್ಲಿ ಸಾತ್‌ಬಾರಾ (ಇಲ್ಲಿಯ ಪಹಣಿ) ನೋಡುತ್ತಿದ್ದೆವು, ಮಂಜೂರಾದ ನಕ್ಷೆ, ಕಾಮಗಾರಿ ಆರಂಭದ ಪ್ರಮಾಣಪತ್ರ, ಮೂವತ್ತು ವರ್ಷಗಳ ಹಕ್ಕಿನ ಶೋಧ ವರದಿ ನೋಡುತ್ತಿದ್ದೆವು. ಪ್ರವಾಹ ರೇಖೆಯ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ. ಮಾರಾಟದ ಕರಪತ್ರದಲ್ಲಿ ಮಾತ್ರ ನದಿ ಇರುತ್ತಿತ್ತು, ಬಾಲ್ಕನಿಯಿಂದ ಕಾಣುವ ಹಾಗೆ, ಅದಕ್ಕೆ ಪ್ರತ್ಯೇಕ ದರದೊಂದಿಗೆ.

ನದಿಯ ಮಾತಾಯಿತು. ಹಳ್ಳಗಳಿಗೆ ರೇಖೆಯೇ ಬೇಡವೇ? 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ ಕಡೆಯಿಂದ ಬಂದ ಆಂಬಿಲ್ ಓಢಾ ಎಂಬ ಹಳ್ಳ ಸಹಕಾರನಗರ, ಅರಣ್ಯೇಶ್ವರದ ವಸತಿಗಳನ್ನು ಹೊಕ್ಕಿತು. ಆ ಮಳೆಗೆ ನಗರ ಮತ್ತು ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಆ ನೀರಿಗೂ ಖಡಕವಾಸಲಾದ ಗೇಟಿಗೂ ಸಂಬಂಧವೇ ಇರಲಿಲ್ಲ. 1961ರ ಜುಲೈ 12ರಂದು ಪಾನಶೇತ ಒಡೆದು ಹಳೆಯ ಪೇಟೆಗಳು ಕೊಚ್ಚಿಹೋದಾಗ ಸರ್ಕಾರ ನಿರಾಶ್ರಿತರಿಗೆ ಹೊಸ ವಸತಿಗಳನ್ನು ಕಟ್ಟಿಸಿಕೊಟ್ಟಿತ್ತು. ಗೋಖಲೆನಗರ, ಲೋಕಮಾನ್ಯನಗರಗಳ ಜೊತೆ ಸಹಕಾರನಗರವೂ ಅವುಗಳಲ್ಲಿ ಒಂದು. ನೆರೆಯಿಂದ ಎಬ್ಬಿಸಿ ಕರೆತಂದ ಕಡೆಗೆ ಐವತ್ತೆಂಟು ವರ್ಷಗಳ ಮೇಲೆ ಹಳ್ಳ ಬಂದಿತು. ಹಾಗಾಗಿ, ಜನರನ್ನು ಸ್ಥಳಾಂತರಿಸುವುದು ಅಸಾಧ್ಯ ಎಂದು ಈ ರಾಜ್ಯ ಹೇಳಲಾಗದು, ಒಮ್ಮೆ ಮಾಡಿ ತೋರಿಸಿದೆ. ಎಲ್ಲಿಗೆ ಎಂದು ನೋಡಿಕೊಂಡು ಮಾಡಬೇಕು.

ಈ ಮಾತನ್ನು ಹೇಳಲು ಕಾರಣವಿದೆ. 2024ರ ನಂತರ ನೀಲಿ ರೇಖೆಯೊಳಗಿನ ಹಳೆಯ ಕಟ್ಟಡಗಳ ಪುನರ್‌ನಿರ್ಮಾಣದ ಮಾತು ಜೋರಾಗಿದೆ. ಅಧಿಕೃತ ಹಳೆಯ ಕಟ್ಟಡವಾದರೆ, ನೀರಾವರಿ ಇಲಾಖೆಯ ನಿರಾಕ್ಷೇಪಣೆ ಪಡೆದು, ಅದೇ 0.45 ಮೀಟರಿನ ಷರತ್ತಿನಲ್ಲಿ ಮತ್ತೆ ಕಟ್ಟಲು ತಮ್ಮ ನಿಯಮಾವಳಿ ಈಗಲೇ ಅವಕಾಶ ಕೊಡುತ್ತದೆ. ಆ ಮನೆಗಳಲ್ಲಿರುವವರ ಸಂಕಟ ನನಗೆ ಗೊತ್ತಿದೆ. ಫ್ಲಾಟ್ ಮಾರಲು ಬಾರದು, ಬಾಡಿಗೆಗೆ ಬರುವವರಿಲ್ಲ, ವಿಮೆಯವರು ನೂರು ಪ್ರಶ್ನೆ ಕೇಳುತ್ತಾರೆ, ಮಳೆಗಾಲ ಬಂದರೆ ಕಾಗದಪತ್ರಗಳನ್ನು ಅಟ್ಟಕ್ಕೇರಿಸಿ ಮಲಗುತ್ತಾರೆ. ಅವರಿಗೆ ಹೊಸ ಮನೆ ಬೇಕೇ ಬೇಕು. ಆದರೆ ಪುನರ್‌ನಿರ್ಮಾಣದ ಖರ್ಚು ಹುಟ್ಟುವುದು ಹೆಚ್ಚುವರಿ ಫ್ಲಾಟುಗಳ ಮಾರಾಟದಿಂದ. ಹದಿನಾರು ಕುಟುಂಬಗಳಿದ್ದ ಕಡೆ ಐವತ್ತು ಕುಟುಂಬಗಳು ಬಂದರೆ ಮುಂದಿನ ನೆರೆಯಲ್ಲಿ ದೋಣಿ ಕಳುಹಿಸಬೇಕಾದದ್ದು ಐವತ್ತಕ್ಕೆ. ನಿಷೇಧಿತ ಎಂದು ತಾವೇ ಹೆಸರಿಟ್ಟ ವಲಯದ ಜನಸಂಖ್ಯೆಯನ್ನು ಮೂರು ಪಟ್ಟು ಮಾಡುವ ಯೋಜನೆಗೆ ಪರಿಹಾರ ಎಂದು ಹೆಸರಿಡಬೇಡಿ.

ನನ್ನ ವಿನಂತಿಗಳು ಮೇಲಿನ ಮಾತುಗಳಿಂದಲೇ ಹೊರಡುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ರೇಖೆಯ ವಿಷಯ. 2024ರಲ್ಲಿ ನೀರು ನಿಂತ ಗುರುತುಗಳನ್ನು ಓಣಿ ಓಣಿಗೆ ಅಳೆಯಿಸಿ. ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರನ್ನೂ, ಕೊಳವೆಗಳಿಂದ ಹಿಮ್ಮೊಗವಾಗಿ ಬರುವ ನೀರನ್ನೂ, ಈಗ ಉಳಿದಿರುವ ನದಿಪಾತ್ರದ ಅಗಲವನ್ನೂ ಸೇರಿಸಿ ನೀಲಿ, ಕೆಂಪು ರೇಖೆಗಳನ್ನು ಹೊಸದಾಗಿ ಎಳೆಯಿಸಿ. ಅಲ್ಲಿಯವರೆಗೆ, ಆ ದಿನ ನೀರು ಮುಟ್ಟಿದ ಜಾಗವನ್ನೆಲ್ಲ ನೀಲಿ ರೇಖೆಯೊಳಗಿನದೆಂದೇ ಪರಿಗಣಿಸಿ ಹೊಸ ಅನುಮತಿಗಳನ್ನು ತಡೆಹಿಡಿಯಿರಿ. ಇದರಿಂದ ನಮ್ಮ ಸೊಸೈಟಿಯೂ ಒಳಗೆ ಬರುತ್ತದೆ, ನಮ್ಮ ಪುನರ್‌ನಿರ್ಮಾಣದ ಆಸೆಯೂ ಹಿಂದೆ ಬೀಳುತ್ತದೆ. ಸರ್ವಸದಸ್ಯರ ಸಭೆಯಲ್ಲಿ ಇದನ್ನು ಹೇಳಿದಾಗ ನನ್ನನ್ನು ಹೊಗಳಿದವರು ಯಾರೂ ಇಲ್ಲ.

ಎಫ್‌ಎಸ್‌ಐಯನ್ನು ಅದೇ ನಿವೇಶನದ ಮೇಲೆ ಪೇರಿಸುವ ಅವಕಾಶವನ್ನು ತೆಗೆದು, ದೂರದಲ್ಲಿ ಬಳಸುವ ಟಿಡಿಆರ್ ಮಾಡಿ ಎಂದು ಆಗಲೇ ಕೇಳಿಕೊಂಡಿದ್ದೇನೆ. ನೀಲಿ ರೇಖೆಯೊಳಗಿನ ಹಳೆಯ ನಿವಾಸಿಗಳಿಗೂ ಇದೇ ದಾರಿಯಲ್ಲಿ ಬೇರೆಡೆ ಅಷ್ಟೇ ವಿಸ್ತೀರ್ಣದ ಮನೆ ಸಿಗುವಂತಾಗಲಿ. ಖಾಲಿಯಾದ ಜಾಗ ನದಿಗೆ ಸೇರಲಿ. 0.45 ಮೀಟರಿನ ನಿಯಮ ಮೀಟರ್ ಕೋಣೆ, ಜನರೇಟರ್, ಪಂಪು, ಟ್ಯಾಂಕಿನ ಬಾಯಿಗಳಿಗೂ ಅನ್ವಯವಾಗಬೇಕು. ಭರಾವು ತುಂಬಿದವರು ಅಷ್ಟೇ ಗಾತ್ರದ ಜಾಗವನ್ನು ನೀರಿಗೆ ತೆರವು ಮಾಡಿಕೊಡಬೇಕು, ಇಲ್ಲವೇ ಕಂಬಗಳ ಮೇಲೆ ಕಟ್ಟಬೇಕು. ಕಾರ್ಮಿಕರ ಶೆಡ್ಡುಗಳನ್ನು ನೀಲಿ ರೇಖೆಯೊಳಗೆ ಹಾಕುವಂತಿಲ್ಲ ಎಂಬ ಷರತ್ತನ್ನು ಕಾಮಗಾರಿ ಆರಂಭದ ಪ್ರಮಾಣಪತ್ರದಲ್ಲೇ ಬರೆಯಿರಿ. ಇದಕ್ಕೆ ಯಾವ ಸಮಿತಿಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಕೊಳ್ಳುವವರಿಗೆ ತಿಳಿಸುವ ವಿಷಯದಲ್ಲಿಯೂ ಹೆಚ್ಚು ಖರ್ಚಿಲ್ಲ. ಮಾರಾಟದ ಕರಾರಿನ ಮೊದಲ ಪುಟದಲ್ಲಿ, ನೋಂದಣಿಯ ಸಾರಾಂಶವಾದ ಇಂಡೆಕ್ಸ್-2ರಲ್ಲಿ, ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ಮಹಾರೇರಾದ ಯೋಜನಾ ಮಾಹಿತಿಯಲ್ಲಿ ಒಂದೇ ಸಾಲು ಇರಲಿ: ಈ ಕಟ್ಟಡ ನೀಲಿ ರೇಖೆಯಿಂದ ಇಷ್ಟು ಮೀಟರ್, ಕೆಂಪು ರೇಖೆಯಿಂದ ಇಷ್ಟು ಮೀಟರ್, ಅಂಗಳದ ಮಟ್ಟ ಇಷ್ಟು. ಆ ಸಾಲು ಮರಾಠಿಯಲ್ಲಿರಲಿ. ನಮ್ಮವರಿಗೆ ಓದಿ ಹೇಳಲು ನಾವಿದ್ದೇವೆ. ನದಿ ದಂಡೆಯ ಓಣಿಗಳಲ್ಲಿ ವಿದ್ಯುತ್ ಕಂಬಗಳ ಮೇಲೆ ನೀಲಿ ಮತ್ತು ಕೆಂಪು ಬಣ್ಣದ ಪಟ್ಟಿ ಬಳಿಸಿ. ಯಾವ ಕ್ಯೂಸೆಕ್‌ಗೆ ಯಾವ ಓಣಿಗೆ ನೀರು ಬರುತ್ತದೆ ಎಂಬ ಪಟ್ಟಿಯನ್ನು ಸೊಸೈಟಿಗಳಿಗೆ ಕೊಡಿಸಿ. ನದಿಯ ತಗ್ಗಿನ ಸೇತುವೆಯಾದ ಭಿಡೆ ಪೂಲ್ ಮುಳುಗಿತೋ ಇಲ್ಲವೋ ಎಂದು ಟಿವಿಯಲ್ಲಿ ನೋಡಿ ನಿರ್ಧರಿಸುವ ಪದ್ಧತಿ ಸಾಕು.

ಕೊನೆಯದಾಗಿ ಒಂದು ಕಾಲಮಿತಿಯ ವಿಷಯ. ನಮ್ಮ ಆವರಣ ಗೋಡೆಯ ಮೇಲೆ, ಮೀಟರ್ ಕೋಣೆಯ ಬಾಗಿಲ ಮೇಲೆ, ಖಾನಾವಳಿಯ ಹಿಂದಿನ ಗೋಡೆಯ ಮೇಲೆ 2024ರ ನೀರಿನ ಕಂದು ಗೆರೆ ಇನ್ನೂ ಸ್ಪಷ್ಟವಾಗಿದೆ. ಮುಂದಿನ ಮಳೆಗಾಲಕ್ಕೆ ಮುನ್ನ ಕಟ್ಟಡಕ್ಕೆ ಬಣ್ಣ ಹೊಡೆಸಲು ಸಭೆ ಠರಾವು ಮಾಡಿದೆ, ಗುತ್ತಿಗೆದಾರನಿಗೆ ಮುಂಗಡವೂ ಹೋಗಿದೆ. ಬಣ್ಣ ಬಿದ್ದ ಮೇಲೆ ಅಳೆಯಲು ಏನೂ ಇರುವುದಿಲ್ಲ. ಸರ್ವೆಯವರನ್ನು ಅದಕ್ಕೆ ಮೊದಲೇ ಕಳುಹಿಸಿಕೊಡಬೇಕೆಂದು ವಿನಂತಿ. ದಿನ ತಿಳಿಸಿದರೆ ಏಣಿ, ಟೇಪು, ಬೀಗದ ಕೈಗಳೊಂದಿಗೆ ನಾನು ಗೇಟಿನಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ಸಿಂಹಗಡ ರಸ್ತೆಯ ಒಬ್ಬ ನಿವಾಸಿ,
ಪುಣೆ